ಕಾಟಪ್ಪನ ಕತ್ತಿಲ್ಲದ ಹಂಸ

ಪ್ರಸನ್ನಕುಮಾರನ ಮನೆಯ ಹೊಸಿಲನ್ನು ನಾನು ಇವತ್ತಿಗೂ ತುಳಿದಿಲ್ಲ. ತುಳಿಯುವುದೂ ಇಲ್ಲ. ಮಗಳ ಮದುವೆಗೆ ಕರೆಯಲು ಬಂದವನು ಕಾರ್ಡನ್ನು ನನ್ನ ಶೆಡ್ಡಿನ ಮೇಜಿನ ಮೇಲೆ ಇಟ್ಟು ಹೋದ. ಮೂರು ದಿನ ಅಲ್ಲೇ ಬಿದ್ದಿತ್ತು, ನಾಲ್ಕನೇ ದಿನ ಅದರಲ್ಲಿ ಕೈಯ ಗ್ರೀಸು ಒರೆಸಿದೆ. ಮುಂಗೋಪಿ ಅನ್ನುತ್ತಾರೆ ಜನ. ಅನ್ನಲಿ. ತನ್ನ ಒಡಹುಟ್ಟಿದ ಅಣ್ಣ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವನ ತೆಪ್ಪವನ್ನು ಎತ್ತಿ ಯಾರಿಗೋ ಕೊಟ್ಟುಬಿಟ್ಟವನ ಚಪ್ಪರದಲ್ಲಿ ಕೂತು ಲಾಡು ತಿನ್ನುವುದು ನನ್ನಿಂದ ಆಗುವುದಿಲ್ಲ.

ಆ ಅಣ್ಣನ ಹೆಸರು ಕಾಟಪ್ಪ. ಹೊಸದುರ್ಗ ತಾಲ್ಲೂಕಿನಲ್ಲಿ, ಮಾರಿಕಣಿವೆ ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ ಅವನ ಮನೆ. ಹುಟ್ಟಿದ್ದು ಅಲ್ಲೇ, ಮೀನು ಹಿಡಿದದ್ದೂ ಅಲ್ಲೇ. ನಾನು ಹಿರಿಯೂರಿನವನು. ಹುಳಿಯಾರು ರಸ್ತೆಯಲ್ಲಿ ನನ್ನದೊಂದು ಶೆಡ್ಡು. ಬಸ್ಸು ಲಾರಿಗಳ ಬಾಡಿ ಕೆಲಸ, ವೆಲ್ಡಿಂಗ್, ಒಡೆದ ಫೈಬರ್ ಟ್ಯಾಂಕಿಗೆ ತೇಪೆ ಹಾಕುವುದು ನನ್ನ ಕಸುಬು. ಆರನೇ ಕ್ಲಾಸಿನಲ್ಲಿ ಮೇಷ್ಟ್ರ ಕೈಯಿಂದ ಬೆತ್ತ ಕಿತ್ತು ಮುರಿದು ಹಾಕಿ ಶಾಲೆ ಬಿಟ್ಟೆ. ಮನೆಗೆ ಹೋದರೆ ಅಪ್ಪನ ಒದೆ ಗ್ಯಾರಂಟಿ ಎಂದು ಹಿನ್ನೀರಿನ ಕಡೆಯ ಸೋದರತ್ತೆ ಮನೆಗೆ ಓಡಿಹೋಗಿದ್ದೆ. ಪಕ್ಕದ ಮನೆಯವನು ಕಾಟಪ್ಪ. ನನಗಿಂತ ಎಂಟು ವರ್ಷ ದೊಡ್ಡವನು. ಯಾಕೆ ಬಂದೆ, ಏನು ಮಾಡಿದೆ ಎಂದು ಅವನು ಕೇಳಲಿಲ್ಲ. ಬೆಳಗ್ಗೆ ಎಬ್ಬಿಸಿ, "ಬಾರೋ, ತೆಪ್ಪದಾಗೆ ಕುಂತ್ಕ, ಅಲ್ಲಾಡಬೇಡ" ಎಂದ. ಎರಡು ತಿಂಗಳು ಕೂತೆ. ನನ್ನ ಜೀವನದಲ್ಲಿ ಯಾರ ಮೇಲೂ ಸಿಟ್ಟು ಬರದ ಎರಡು ತಿಂಗಳು ಅವೇ ಇರಬೇಕು.

ಬಿದಿರಿನ ಬುಟ್ಟಿಗೆ ಗೊಬ್ಬರದ ಚೀಲ ಹೊಲಿದು ಡಾಂಬರು ಬಳಿದ ದುಂಡನೆಯ ತೆಪ್ಪ ಅದು. ಅದರೊಳಗೆ ಕಾಟಪ್ಪನ ಸಾಮಾನುಗಳು ಹೇಗಿರುತ್ತಿದ್ದವು ಅಂದರೆ, ಒಂದೂ ಜಾಗ ಬಿಟ್ಟು ಕದಲುವಂತಿರಲಿಲ್ಲ. ಚಾಕು ಇಲ್ಲಿ, ನೀರು ಎತ್ತಿ ಹೊರಗೆ ಚೆಲ್ಲುವ ಡಬ್ಬ ಅಲ್ಲಿ, ಬಲೆಯ ತುದಿ ಮೊಣಕಾಲ ಹತ್ತಿರ. ಬೆಳಕು ಹರಿಯುವ ಮುಂಚೆ ಹೋಗುವವನಿಗೆ ಕಣ್ಣಿಗಿಂತ ಕೈಗೆ ಗೊತ್ತಿರಬೇಕು ಅನ್ನುತ್ತಿದ್ದ. ಒಂದು ಸಲ ನಾನು ಚಾಕು ತೆಗೆದು ಬೇರೆ ಕಡೆ ಇಟ್ಟಿದ್ದಕ್ಕೆ ದಡ ಮುಟ್ಟುವವರೆಗೆ ಮಾತಾಡಿಸಿರಲಿಲ್ಲ.

ಅಂಥವನಿಗೆ ನಾಲ್ಕು ವರ್ಷದ ಕೆಳಗೆ ಬೇಸಿಗೆಯಲ್ಲಿ ಲಕ್ವ ಹೊಡೆಯಿತು. ಎಡಭಾಗ. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಇದ್ದ. ಕಾಲು ಎಳೆದುಕೊಂಡಾದರೂ ನಡೆಯುವಂತಾಯಿತು, ಎಡಗೈ ಮಾತ್ರ ತಿರುಗಿ ಬರಲಿಲ್ಲ. ಭುಜದಿಂದ ಸುಮ್ಮನೆ ನೇತಾಡುತ್ತಿತ್ತು. ಊರಿಗೆ ವಾಪಸು ಬಂದು ನೋಡಿದರೆ ದಡದಲ್ಲಿ ತೆಪ್ಪವಿಲ್ಲ. "ಅಣ್ಣ ಇನ್ನು ನೀರಿಗೆ ಹೋಗಂಗಿಲ್ಲ, ಬಿಸಿಲಿಗೆ ಒಡೆದು ಹಾಳಾಗ್ತದೆ ಅಂತ ಕೊಟ್ಟೆ" ಎಂದನಂತೆ ಪ್ರಸನ್ನಕುಮಾರ. ಕಾಟಪ್ಪ ಅವನಿಗೆ ಒಂದು ಮಾತೂ ಅನ್ನಲಿಲ್ಲ. ಅವನ ಪಾಲಿನ ಸಿಟ್ಟನ್ನೂ ನಾನೇ ಇಟ್ಟುಕೊಂಡಿದ್ದೇನೆ.

ಒಂದು ವರ್ಷ ಅವನು ಮನೆ ಮುಂದಿನ ಕಲ್ಲಿನ ಮೇಲೆ ಕೂತು ನೀರು ನೋಡಿದ. ನಾನು ಹೋದಾಗಲೆಲ್ಲ ಅದೇ ಕಲ್ಲು, ಅದೇ ಮುಖ. ಅವನ ಹೆಂಡತಿ ಓಬಮ್ಮ ಬೇರೆಯವರ ಮೀನು ತಂದು ರಸ್ತೆ ಪಕ್ಕ ಮಾರುತ್ತಿದ್ದಳು. ಆಷಾಢದಲ್ಲಿ ಒಂದು ದಿನ, ನಾನು ಹೊರಡಲು ಎದ್ದಾಗ ಕಾಟಪ್ಪ ಬಾಯಿ ಬಿಟ್ಟ.

"ಜಂಪಣ್ಣ, ನನಗೊಂದು ದೋಣಿ ಮಾಡ್ಕೊಡ್ತೀಯೇನೋ?"

"ತೆಪ್ಪ ಬೇಕಾದ್ರೆ ನಾಳೇನೇ ಹೊಸದು ತರಾಣ ನಡಿ ಅಣ್ಣ."

"ತೆಪ್ಪ ಅಲ್ಲ ಕಣೋ. ತೆಪ್ಪಕ್ಕೆ ಎರಡು ಕೈ ಬೇಕು. ಒಂದೇ ಕೈಯಾಗೆ ಹುಟ್ಟು ಹಾಕಿದ್ರೆ ಕುಂತಲ್ಲೇ ಗಿರಗಿರ ಸುತ್ತತೀನಿ, ಬುಗುರಿ ಇದ್ದಂಗೆ."

"ಯಾರನ್ನಾದ್ರೂ ಜೊತೆಗೆ ಕರ್ಕೊಂಡು..."

"ಕರ್ಕೊಂಡು ಹೋದ್ರೆ ನಾನು ಮೂಟೆ. ಅವರು ಹೊತ್ಕೊಂಡು ಹೋಗಾರು. ಒಬ್ಬನೇ ಹೋಗಬೇಕು ಕಣಲೇ. ಒಂದಿನ ಆದ್ರೂ ಸರಿ."

ಒಳಗಿನಿಂದ ಓಬಮ್ಮ, "ಒಬ್ಬರೇ ಹೋಗಿ ಯಾರ ಮನೆ ಉದ್ಧಾರ ಮಾಡಬೇಕಂತೆ ಕೇಳಪ್ಪ" ಎಂದಳು. ಅದು ಬೈಗುಳದಂತೆ ಇರಲಿಲ್ಲ. ಆಗ ನನಗೆ ಅದು ಕೇಳಿಸಿತು ಅಷ್ಟೇ, ತಲೆಗೆ ಹೋಗಲಿಲ್ಲ.

ದೋಣಿ ಸಿಕ್ಕಿದ್ದು ಗುಜರಿಯಲ್ಲಿ. ಹೊಳಲ್ಕೆರೆ ರಸ್ತೆಯ ಮಾರುತೇಶ್ ನನಗೆ ಹಳೆ ಕಬ್ಬಿಣ ಕೊಡುವವನು. ಯಾರೋ ಒಂದು ಕೆರೆಯಲ್ಲಿ ಒಂದು ವರ್ಷ ಬೋಟಿಂಗ್ ನಡೆಸಿ ಕೈ ಸುಟ್ಟುಕೊಂಡು, ಬೋಟುಗಳನ್ನು ಇವನ ಅಂಗಳದಲ್ಲಿ ಸುರಿದು ಹೋಗಿದ್ದರು. ಅವುಗಳಲ್ಲಿ ಒಂದು ಹಂಸ. ಪ್ರವಾಸಕ್ಕೆ ಹೋದಾಗ ಗಂಡ ಹೆಂಡತಿ ಕೂತು ಕಾಲಲ್ಲಿ ತುಳಿಯುತ್ತಾರಲ್ಲ, ಅದೇ. ಉದ್ದ ಕತ್ತು, ಕೆಂಪು ಕೊಕ್ಕು, ಒಂದು ಕಣ್ಣು ಒಡೆದಿತ್ತು. ಅದನ್ನು ನೋಡಿದ ತಕ್ಷಣ ನನಗೆ ಹೊಳೆಯಿತು: ಕಾಲು ತುಳಿದರೆ ಬೋಟು ಹೋಗುತ್ತದೆ; ಕೈ ಖಾಲಿ. ಒಂದೇ ಕೈ ಇರುವವನಿಗೆ ಇನ್ನೇನು ಬೇಕು?

ಮಾರನೇ ದಿನ ಲಗೇಜ್ ಆಟೋದಲ್ಲಿ ಕಾಟಪ್ಪನನ್ನೂ ಕರೆದುಕೊಂಡು ಹೋದೆ. ಮಾರುತೇಶ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ಹಂಸ ಏರಿ ಮೀನು ಹಿಡಿಯಾಕೆ ಹೋಗ್ತಿಯೇನಪ್ಪ ಕಾಟಪ್ಪ? ಪೇಟ ಗೀಟ ಸುತ್ಕೊಂಡು ಹೋಗು ಮತ್ತೆ, ಒಂದು ಫೋಟೋ ಹೊಡಿತೀನಿ."

ನಾನು ಸ್ಪ್ಯಾನರ್ ಎತ್ತಿದ್ದೆ. ಕಾಟಪ್ಪ ನನ್ನ ಅಂಗಿ ಹಿಡಿದು ಎಳೆದ. "ಸುಮ್ಕಿರೋ. ನಗಾ ಅಂಥದ್ದೇ ಐತೆ" ಎಂದು ಹೋಗಿ ಹಂಸದ ಹೊಟ್ಟೆ ತಟ್ಟಿ ನೋಡಿದ. ಮೂರು ಕಡೆ ತಟ್ಟಿ ಕಿವಿಯಿಟ್ಟ. "ಒಳಗೆ ನೀರು ಕುಂತೈತೆ. ತಳದಾಗೆ ಎರಡು ಬಿರುಕು. ಆದ್ರೆ ಅಗಲ ಐತೆ, ಮಗುಚಂಗಿಲ್ಲ" ಎಂದ. ಅವನ ಮುಖದಲ್ಲಿ ಆ ಒಂದು ವರ್ಷದಲ್ಲಿ ಇಲ್ಲದ ಏನೋ ಒಂದು ಬಂತು.

ಎರಡು ತಿಂಗಳು ಅದರ ಹಿಂದೆ ಬಿದ್ದೆ. ಮೊದಲು ಗ್ರೈಂಡರಿನಲ್ಲಿ ಕತ್ತು ಕೊಯ್ದೆ, ಗಾಳಿ ಬಡಿದು ಬೋಟನ್ನು ಎಳೆಯುವುದಕ್ಕಷ್ಟೇ ಅದು. ತಳಕ್ಕೆ ಡ್ರಿಲ್ ಮಾಡಿ ಒಳಗಿನ ನೀರು ಇಳಿಸಿ, ಬಿರುಕು ಕೆರೆದು ಮೂರು ಪದರ ಫೈಬರ್ ಬಟ್ಟೆ ಅಂಟಿಸಿದೆ. ತುಳಿಯುವ ಪೆಡಲಿನಿಂದ ನೀರಲ್ಲಿ ತಿರುಗುವ ರೆಕ್ಕೆ ಚಕ್ರಕ್ಕೆ ಹೋಗುವ ಚೈನು ತುಕ್ಕು ಹಿಡಿದು ಬೆಲ್ಲದಚ್ಚಿನಂತೆ ಗಟ್ಟಿಯಾಗಿತ್ತು. ಹೊಸ ಸೈಕಲ್ ಚೈನು ಹಾಕಿದೆ. ಚಕ್ರದ ಕೆಳಗೆ ಒಂದು ತಂತಿ ಪಂಜರವಿತ್ತು. ಕಸ ಸಿಕ್ಕಿಕೊಳ್ಳುವುದಕ್ಕೇ ಮಾಡಿದಂತಿದೆ, ಇದು ಯಾಕೆ ಎಂದು ಕಿತ್ತೆಸೆದೆ. ಕಾಟಪ್ಪನೂ ಹೂಂ ಎಂದ. ಬೋಟು ತಿರುಗಿಸುವ ಕೋಲಿಗೆ ಹಳೆ ಟ್ರ್ಯಾಕ್ಟರಿನ ಕೈಬ್ರೇಕಿನ ಹಲ್ಲು ಜೋಡಿಸಿದೆ. ಒಂದು ಸಲ ಎಳೆದು ಬಿಟ್ಟರೆ ಬಿಟ್ಟಲ್ಲೇ ನಿಲ್ಲಬೇಕು, ಕೈ ಬೇರೆ ಕೆಲಸಕ್ಕೆ ಹೋಗಬೇಕು. ಎಡಗಾಲು ಜಾರದಂತೆ ಅವನ ಹಳೆ ಚಪ್ಪಲಿಯನ್ನೇ ಪೆಡಲಿಗೆ ಬೋಲ್ಟ್ ಮಾಡಿದೆ. ಹಿಮ್ಮಡಿಗೂ ಪಟ್ಟಿ ಹಾಕಲು ಹೋದರೆ ಕಾಟಪ್ಪ ಬೇಡವೆಂದ. "ಬಿದ್ದರೆ ಕಾಲು ಬಿಡಿಸ್ಕೊಂಡು ಬರಬೇಕಲ್ಲೋ, ಬೋಟಿನ ಜೊತೆ ಮದುವೆ ಮಾಡ್ತೀಯೇನು?"

ಇನ್ನು ಸಾಮಾನು ಜೋಡಿಸುವುದು. ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು ಅದೇ. ನನ್ನ ಲೆಕ್ಕಕ್ಕೆ ಕೊಕ್ಕೆಗಳನ್ನು ಸಾಲಾಗಿ ಹೊಡೆದಿದ್ದೆ, ನೋಡಲು ಚೆಂದವಾಗಿತ್ತು. ಕಾಟಪ್ಪ ಕೂತು ಚಾಕುವಿಗೆ ಕೈ ಹಾಕಿದರೆ ಡಬ್ಬ ಸಿಕ್ಕಿತು. ಡಬ್ಬಕ್ಕೆ ಹೋದರೆ ಗಾಳಿ. ನನಗೆ ರೇಗಿತು, ಎಲ್ಲ ಕೊಕ್ಕೆ ಕಿತ್ತೆ. ಮಾರನೇ ದಿನ ಅವನ ಬಲಗೈಗೆ ಒಂದು ಸೀಮೆಸುಣ್ಣ ಕೊಟ್ಟೆ.

"ಕಣ್ಣು ಮುಚ್ಕೋ. ಬಲೆ ಎಳಿತಿದ್ದೀಯ, ದಾರ ಸಿಕ್ಕಾಕ್ಕೊಂತು. ಚಾಕು ಬೇಕು. ಕೈ ಎಲ್ಲಿಗೆ ಹೋಗ್ತದೆ? ಅಲ್ಲಿ ಗೀರು."

ಗೀರಿದ. "ನೀರು ಚೆಲ್ಲೋ ಡಬ್ಬ." ಗೀರಿದ. "ಕುಡಿಯಾ ನೀರು." "ಮೀನಿನ ಬುಟ್ಟಿ." ಶೆಡ್ಡಿನ ನಡುವೆ, ಲಾರಿಗಳ ಮಧ್ಯೆ, ಕತ್ತಿಲ್ಲದ ಹಂಸದಲ್ಲಿ ಕಣ್ಣು ಮುಚ್ಚಿ ಕೂತ ಮನುಷ್ಯ ಇಡೀ ಬೆಳಗ್ಗೆ ಮೀನು ಹಿಡಿದ. ಕೊನೆಕೊನೆಗೆ ನಾನು ಹೇಳುವ ಮುಂಚೆಯೇ ಕೈ ಹೋಗುತ್ತಿತ್ತು. "ಗಾಳಿ ಎದ್ದೈತೆ" ಎಂದು ತಾನೇ ಹೇಳಿಕೊಂಡು ಕೋಲು ತಿರುಗಿಸಿದ. ಹನ್ನೊಂದು ಕಡೆ ಬಿಳಿ ಗೀರು ಬಿದ್ದಿತ್ತು. ಪ್ರತಿಯೊಂದು ಗೀರಿನ ಮೇಲೆ ಕೊಕ್ಕೆಯೋ ತಟ್ಟೆಯೋ ಪಟ್ಟಿಯೋ ಕೂರಿಸಿದೆ. ಒಂದು ಕೈಯಲ್ಲಿ ಬಲೆ ಎಳೆಯುವವನಿಗೆ ಮುಂದಿನ ಹಿಡಿತಕ್ಕೆ ಕೈ ಬಿಟ್ಟರೆ ಬಲೆ ವಾಪಸು ಜಾರುತ್ತದೆ. ಅದಕ್ಕೆ ಅಂಚಿನಲ್ಲಿ ಒಂದು ಕಬ್ಬಿಣದ ಬಾಯಿ ವೆಲ್ಡ್ ಮಾಡಿದೆ. ಒಳಗೆ ಎಳೆದರೆ ಹಗ್ಗ ಬಿಡುತ್ತದೆ, ಹೊರಗೆ ಹೋಗಲು ನೋಡಿದರೆ ಕಚ್ಚುತ್ತದೆ. ಎಡಗಡೆಯ ಸೀಟೂ ಪೆಡಲೂ ಕಿತ್ತು ಹಾಕಿದೆ, ಅಲ್ಲಿ ಏನೂ ಇಡಲಿಲ್ಲ. ಪೂರ್ತಿ ಬಲೆಗೇ ಬಿಟ್ಟೆ, ತಿರುಗಿದರೆ ಬಲಗೈಗೆ ನೇರ ಸಿಗುವಂತೆ. ಒಬ್ಬ ಮನುಷ್ಯನ ಮೈಗೆ ಅಂಗಿ ಹೊಲಿದ ಹಾಗಿತ್ತು ಬೋಟು. ಅಷ್ಟು ಒಳ್ಳೆಯ ಕೆಲಸವನ್ನು ನಾನು ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ.

ಇಷ್ಟರಲ್ಲಿ ಮಳೆ ಹಿಡಿಯಿತು. ಅದು ಮಾರಿಕಣಿವೆ ಎಂಬತ್ತೊಂಬತ್ತು ವರ್ಷದ ಮೇಲೆ ಕೋಡಿ ಬಿದ್ದ ವರ್ಷ. ಬುತ್ತಿ ಕಟ್ಟಿಕೊಂಡು ನೋಡಲು ಬಂದ ಜನಕ್ಕೆ ಲೆಕ್ಕವಿರಲಿಲ್ಲ. ಕಾಟಪ್ಪನ ಮನೆ ಎತ್ತರದಲ್ಲಿದ್ದುದಕ್ಕೆ ಉಳಿಯಿತು. ನೀರು ಅವನ ಕಲ್ಲಿನ ಹತ್ತಿರಕ್ಕೇ ಬಂದು ನಿಂತಿತ್ತು. ಮೊದಲು ಅರ್ಧ ಮೈಲಿ ನಡೆದು ನೀರಿಗೆ ಹೋಗಬೇಕಿತ್ತು.

ಆಯುಧಪೂಜೆಯ ದಿನ ಬೋಟು ಇಳಿಸಿದೆವು. ಓಬಮ್ಮ ಅರಿಶಿನ ಕುಂಕುಮ ಹಚ್ಚಿ, ಕತ್ತು ಇದ್ದ ಜಾಗಕ್ಕೆ ಒಂದು ಹಾರ ಇಳಿಬಿಟ್ಟಳು. ಮಂಜುನಾಥ್ ಅಂತ ಪಕ್ಕದ ಮನೆಯವನು, ಅವನೂ ಮೀನಿನವನೇ, ಇಳಿಸಲು ಕೈ ಜೋಡಿಸಿದ. ಕಾಟಪ್ಪ ಕೂತ, ಕಾಲು ತೂರಿಸಿದ, ತುಳಿದ. ಚಕ್ರ ಚಟಪಟ ಅಂತು. ಹೋಗೇಬಿಟ್ಟ. ತಿರುಗಿಯೂ ನೋಡಲಿಲ್ಲ. ಓಬಮ್ಮ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. "ನೋಡತ್ಗೆ, ಹೆಂಗೆ ಹೋದ!" ಎಂದೆ.

ಹತ್ತು ಗಂಟೆಯಾಯಿತು, ಹನ್ನೆರಡಾಯಿತು. ಕಾಟಪ್ಪ ಬರಲಿಲ್ಲ. ಒಂದು ಗಂಟೆಗೆ ಮಂಜುನಾಥನ ತೆಪ್ಪದಲ್ಲಿ ಹೊರಟೆವು. ಹಾದಿಯುದ್ದಕ್ಕೂ ಅವನನ್ನೂ, ಬೋಟನ್ನೂ, ನನ್ನನ್ನೂ ಬೈದುಕೊಂಡೆ. ದೂರದಲ್ಲಿ ಬಿಳಿಯ ಬೋಟು ಕದಲದೆ ನಿಂತದ್ದು ಕಂಡಿತು.

ಆಗಿದ್ದು ಇಷ್ಟು. ಹಳೆಯ ದಡದುದ್ದಕ್ಕೂ ಜಾಲಿ ಬೆಳೆದಿತ್ತು. ಆಡು ಮೇಯಿಸಿದ ಜಾಲಿ, ಸೌದೆ ಕಡಿದ ಜಾಲಿ, ನಮಗೆಲ್ಲ ಗೊತ್ತಿದ್ದದ್ದೇ. ಆದರೆ ಮರವೊಂದು ನೀರಿನ ಒಳಗೆ ಇರಬಹುದು ಅನ್ನುವುದು ನಮ್ಮಿಬ್ಬರ ತಲೆಗೂ ಹೊಳೆದಿರಲಿಲ್ಲ. ನೀರು ಹಿಂದೆ ಹಿಂದೆ ಸರಿಯುವುದನ್ನು ನೋಡಿಯೇ ವಯಸ್ಸಾದವರು ನಾವು. ಬೇರೆ ಊರಿನ ಮೀನುಗಾರನಾಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದ. ಜಾಲಿಯ ತುದಿಕೊಂಬೆ ರೆಕ್ಕೆ ಚಕ್ರಕ್ಕೆ ಸುತ್ತಿಕೊಂಡಿತ್ತು. ನಾನು ಕಿತ್ತೆಸೆದಿದ್ದೆನಲ್ಲ, ಆ ಪಂಜರ ಇದ್ದಿದ್ದರೆ ಸುತ್ತುತ್ತಿರಲಿಲ್ಲ.

ಕಾಟಪ್ಪ ಆರಾಮಾಗಿ ಕೂತಿದ್ದ.

"ಕೂಗಾಕೆ ಬಾಯಿಲ್ವೇನಣ್ಣ?" ಎಂದು ಅರಚಿದೆ.

"ಯಾಕೆ ಕೂಗಲಿ? ಯಾರೂ ಬರಬಾರದು ಅಂತಾನೇ ಬಂದಿದ್ದು."

ಮಂಜುನಾಥ್ ನೀರಿಗಿಳಿದು ಕೊಂಬೆ ಕಡಿಯುವಾಗ ಕಾಟಪ್ಪ ನನ್ನನ್ನು ಹತ್ತಿರ ಕರೆದ. ಮೆಲ್ಲಗೆ ಹೇಳಿದ: "ಇದರ ಕೆಳಗೇ ಕಣೋ ನಮ್ಮ ತೆಪ್ಪ ಕಟ್ತಿದ್ದ ಜಾಗ. ಸಣ್ಣೋನಿದ್ದಾಗ ಓಡಿಬಂದು ನೀನು ಅಳ್ತಾ ಕುಂತಿದ್ದ ಬಂಡೆ ಇಲ್ಲೇ ಐತೆ. ಹುಡುಕ್ಕೊಂಡು ಬಂದೆ." ಬಗ್ಗಿ ನೋಡಿದೆ. ಹಸಿರು ನೀರು, ಏನೂ ಕಾಣಲಿಲ್ಲ. ಅವನಿಗೆ ಕಾಣುತ್ತಿತ್ತು.

ಆ ವಾರದಲ್ಲೇ ಬೋಟನ್ನು ಶೆಡ್ಡಿಗೆ ತರಿಸಿ ಪಂಜರ ಹಾಕಿಕೊಟ್ಟೆ. ಅದು ವಾಪಸು ಹೋದ ಮೇಲೆ, ಒಂದು ದಿನ ಓಬಮ್ಮ ಬಸ್ಸು ಹಿಡಿದು ಹಿರಿಯೂರಿಗೆ ಬಂದಳು. ಶೆಡ್ಡಿಗೆ ಅವಳು ಬಂದದ್ದು ಅದೇ ಮೊದಲು. ಚೀಲದಲ್ಲಿ ಎರಡು ಕೊರವ ಮೀನು. ಕೂತ್ಕೊ ಅಂದರೂ ಕೂರಲಿಲ್ಲ.

"ಜಂಪಣ್ಣ, ಆ ಬೋಟಿನಾಗೆ ಇನ್ನೊಬ್ಬರು ಕೂರಂಗೆ ಒಂದು ಹಲಗೆ ಹಾಕ್ಕೊಡಪ್ಪ."

"ಯಾರು ಕೂರಾಕೆ?"

"ನಾನು."

ಮೊನ್ನೆಯ ಭಯ ಇನ್ನೂ ಹೋಗಿಲ್ಲ ಅಂದುಕೊಂಡೆ. ಎಡಗಡೆ ಬಲೆ ಬರುತ್ತದೆ, ಜಾಗವಿಲ್ಲ, ಇಡೀ ಜೋಡಣೆ ಕೆಡುತ್ತದೆ ಎಂದು ವಿವರಿಸಿದೆ. ಅವನು ಒಬ್ಬನೇ ಹೋಗಬೇಕು ಅಂದವನು, ಅವನ ಆಸೆಗೆ ಮಣ್ಣು ಹಾಕಬೇಡ ಎಂದೂ ಅಂದೆ. ನಿಜ ಹೇಳಬೇಕೆಂದರೆ ನನ್ನ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುವುದು ನನಗೆ ಇಷ್ಟವಿರಲಿಲ್ಲ.

"ಹಲಗೆ ಒಂದು ಮೊಳ ಇದ್ರೆ ಸಾಕು. ನಾನೇನು ದಪ್ಪ ಇದ್ದೀನೇನಪ್ಪ?" ಎಂದಳು.

"ಆಗಲಿ ಬಿಡತ್ಗೆ, ಬರೋ ಭಾನುವಾರ ಬಂದು ಹಾಕ್ತೀನಿ."

ಆ ಭಾನುವಾರ ಒಂದು ಬಸ್ಸಿನ ಕೆಲಸ ಬಂತು. ಮುಂದಿನದಕ್ಕೆ ಇನ್ನೇನೋ. ಯುಗಾದಿಗೆ ಹೋದಾಗ ಅವಳು ಮತ್ತೆ ಕೇಳಿದಳು, ಹೂಂ ಅಂದೆ. ಮರುವರ್ಷ ಇನ್ನೊಂದು ಸಲ ಕೇಳಿದಾಗ, "ಒಂದು ಹಲಗೆಗೆ ಎಷ್ಟು ಸಲ ಕೇಳ್ತೀಯ?" ಎಂದು ರೇಗಿದೆ. ಆಮೇಲೆ ಕೇಳಲಿಲ್ಲ. ಕಾಟಪ್ಪ ಎರಡು ವರ್ಷಕ್ಕೂ ಮೇಲೆ ಒಬ್ಬನೇ ಹೋದ, ಒಬ್ಬನೇ ಬಂದ. ಕಾಟ್ಲಾ ತಂದ, ಕೊರವ ತಂದ, ಬರಿಗೈಯಲ್ಲೂ ಬಂದ. ಹಂಸದ ಕಾಟಪ್ಪ ಅಂತಲೇ ಹೆಸರಾಯಿತು. ನಾನು ಹೋದಾಗೆಲ್ಲ ಆ ಕಲ್ಲಿನ ಮೇಲೆ ಈಗ ಓಬಮ್ಮ ಕೂತಿರುತ್ತಿದ್ದಳು, ನೀರಿನ ಕಡೆ ಮುಖ ಮಾಡಿ.

ಕೆರೆ ಮತ್ತೆ ತುಂಬಿದ ವರ್ಷ, ಶಿವರಾತ್ರಿ ಕಳೆದು ನಾಲ್ಕು ದಿನಕ್ಕೆ ಕಾಟಪ್ಪ ಹೋದ. ನೀರಲ್ಲಿ ಅಲ್ಲ. ಮನೆಯಲ್ಲಿ, ಊಟ ಮಾಡಿ ಒರಗಿದವನು ಏಳಲಿಲ್ಲ.

ತಿಥಿ ಮುಗಿದ ಮೇಲೆ ಒಂದು ದಿನ ಬೋಟು ನೋಡಲು ದಡಕ್ಕೆ ಇಳಿದೆ. ಕೊಕ್ಕೆಗಳೆಲ್ಲ ಹಾಗೇ ಇದ್ದವು, ಚಾಕು ಚಾಕುವಿನ ಜಾಗದಲ್ಲಿ. ಬಲೆ ಮಾತ್ರ ನಾನು ಬಿಟ್ಟ ಜಾಗದಲ್ಲಿರಲಿಲ್ಲ. ಬೆನ್ನ ಹಿಂದೆ, ಕೈಗೆ ಸಿಗದ ಮೂಲೆಯಲ್ಲಿ ಸುತ್ತಿಟ್ಟಿತ್ತು. ಅಲ್ಲಿಂದ ಒಂದು ಕೈಯಲ್ಲಿ ತೆಗೆಯಬೇಕಾದರೆ ಸೊಂಟ ಪೂರ್ತಿ ತಿರುಚಬೇಕು. ಎಡಗಡೆ ಗುಡಿಸಿ ಒರೆಸಿದಂತೆ ಖಾಲಿ ಬಿಟ್ಟಿದ್ದ. ಮಂಜುನಾಥನನ್ನು ಕೇಳಿದೆ. "ಯಾವಾಗ್ಲಿಂದಾನೋ ಹಂಗೇ ಐತಣ್ಣ" ಎಂದ. "ಕೇಳಿದ್ರೆ, ಅಲ್ಲಿಗೆ ಜಂಪಣ್ಣ ಹಲಗೆ ಹಾಕ್ತಾನೆ, ಓಬಿ ಬರ್ತಾಳೆ ಅಂತಿದ್ದ."

ಒಬ್ಬನೇ ಹೋಗಬೇಕು ಅಂದವನ ಮನಸ್ಸು ಯಾವಾಗ ತಿರುಗಿತ್ತೋ, ನನಗೆ ಹೇಳಲಿಲ್ಲ. ನಾನೂ ಕೇಳಿರಲಿಲ್ಲ.

ಮಾರನೇ ದಿನವೇ ತೇಗದ ಹಲಗೆ ಕೊಯ್ಸಿ, ಅಂಚು ಉಜ್ಜಿ, ಬೋಲ್ಟು ಸ್ಪ್ಯಾನರ್ ಕಟ್ಟಿಕೊಂಡು ಹೋದೆ. ಓಬಮ್ಮ ಜಗುಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತಿದ್ದಳು. ಹಲಗೆ ನೋಡಿ ಕೈ ನಿಲ್ಲಿಸಿದಳು.

"ಅತ್ಗೆ, ಅರ್ಧ ಗಂಟೆ ಕೆಲಸ. ಹಾಕಿದ ಮೇಲೆ ನಾನೇ ತುಳಿತೀನಿ, ನೀನು ಕುಂತ್ಕ. ಒಂದು ಸುತ್ತು ಹೋಗಿ ಬರಾಣ."

"ನಿನ್ನ ಜೊತೆ ನಾನ್ಯಾಕೆ ಬರಲಿ?"

ಹಲಗೆ ಹಿಡಿದುಕೊಂಡೇ ಜಗುಲಿಯ ತುದಿಯಲ್ಲಿ ಕೂತೆ.

"ಮದುವೆ ಆಗಿ ಮೂವತ್ತೆಂಟು ವರ್ಷ. ಅವರು ಕತ್ತಲಿದ್ದಂಗೆ ನೀರಿಗೆ ಹೋಗಾರು, ನಾನು ಮೀನು ಹೊತ್ಕೊಂಡು ಊರಿಗೆ ಹೋಗಾಳು. ಒಂದಿನಾನೂ ಅವರ ಜೊತೆ ನೀರ ಮೇಲೆ ಕುಂತಿರಲಿಲ್ಲ. ಅವರನ್ನ ಕಾಯಾಕೆ ಅಂತ ಕೇಳಿದ್ನೇನಪ್ಪ ಹಲಗೆನ? ನೀರು ನೋಡಾಕೆ ಅಂತ ಕೇಳಿದ್ನಾ?"

ಒಳಗೆ ಹೋಗಿ ಟೀ ಮಾಡಿಕೊಂಡು ಬಂದಳು. ಸಿಟ್ಟು ಮಾಡಿದ್ದರೆ ಚೆನ್ನಾಗಿರುತ್ತಿತ್ತು, ನನಗೆ ಅದು ಗೊತ್ತಿರುವ ಭಾಷೆ. ಅವಳು ಸಕ್ಕರೆ ಸಾಕಾ ಎಂದು ಕೇಳಿದಳು. ಹಲಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಟೀ ಕುಡಿದೆ. ಹೊರಡುವಾಗ, ಇದನ್ನು ಇಲ್ಲೇ ಬಿಟ್ಟು ಹೋಗಲಾ ಎಂದೆ. ಬೇಡ ಅಂದಳು, ಮನೆಯಲ್ಲಿ ಜಾಗವಿಲ್ಲವಂತೆ.

ಬಸ್ಸಿನಲ್ಲಿ ಕಂಡಕ್ಟರ್ ಅದಕ್ಕೆ ಲಗೇಜ್ ಟಿಕೆಟ್ ಹರಿದ. ನಾನು ಜಗಳವಾಡಲಿಲ್ಲ. ಹಲಗೆ ಈಗ ನನ್ನ ಶೆಡ್ಡಿನಲ್ಲಿದೆ. ಒಂದು ಭಾನುವಾರದ ಅರ್ಧ ಗಂಟೆ ಕೆಲಸವನ್ನು ನಾನು ಓಬಮ್ಮನಿಗೆ ಕೊಡಬೇಕಿತ್ತು. ಅದನ್ನು ತೀರಿಸಲು ಇನ್ನು ದಾರಿಯಿಲ್ಲ.